ತುಲೂಸಿಗೆ ಓದಲು ಬರುವ ಕನ್ನಡಿಗರಿಗೆ

ಫ್ರಾನ್ಸಿನ ನೈಋತ್ಯ ಭಾಗದಲ್ಲಿ, ಗರೋನ್ ನದಿಯ ದಡದಲ್ಲಿರುವ ತುಲೂಸ್ ನಗರಕ್ಕೆ ಪ್ರತಿ ವರ್ಷ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಮೊದಲ ವಾರಗಳಲ್ಲಿ ಕರ್ನಾಟಕದಿಂದ ಹೊಸ ವಿದ್ಯಾರ್ಥಿಗಳು ಬಂದಿಳಿಯುತ್ತಾರೆ. ಹೆಚ್ಚಿನವರನ್ನು ಇಲ್ಲಿಗೆ ಎಳೆದು ತರುವುದು ವಿಮಾನ ಮತ್ತು ಬಾಹ್ಯಾಕಾಶ ವಿಜ್ಞಾನ. ಏರ್‌ಬಸ್ಸಿನ ಕಾರ್ಖಾನೆಗಳು, ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ ಕ್ನೆಸ್‌ನ ದೊಡ್ಡ ಕೇಂದ್ರ, ಸುಪಾಏರೋ ಮತ್ತು ಎನಾಕ್‌ನಂಥ ವಿದ್ಯಾಸಂಸ್ಥೆಗಳು ಇರುವುದು ಇಲ್ಲಿಯೇ. ಬೆಂಗಳೂರಿನ ಇಸ್ರೋ ಇದೇ ಕ್ನೆಸ್ ಜೊತೆ ಸೇರಿ 2011ರಲ್ಲಿ ಮೇಘಾ-ಟ್ರಾಪಿಕ್ಸ್, 2013ರಲ್ಲಿ ಸರಲ್ ಉಪಗ್ರಹಗಳನ್ನು ಹಾರಿಸಿತ್ತು. ಆದ್ದರಿಂದ ಎರಡು ಊರುಗಳ ನಂಟು ಹೊಸದೇನಲ್ಲ. ಗಣಿತ, ಅರ್ಥಶಾಸ್ತ್ರ, ಜೀವವಿಜ್ಞಾನ ಓದಲು ಬರುವವರೂ ಇದ್ದಾರೆ. ಇಲ್ಲಿನ ವಿಶ್ವವಿದ್ಯಾಲಯದ ಮೂಲ 1229ರಷ್ಟು ಹಿಂದಕ್ಕೆ ಹೋಗುತ್ತದೆ.

ಈ ಊರಿನಲ್ಲಿ ನೆಲೆಸಿ, ಹೊಸಬರ ಜೊತೆ ಬ್ಯಾಂಕು, ಕಚೇರಿ, ಬಾಡಿಗೆ ಮನೆ ಎಂದು ಓಡಾಡಿದ ಅನುಭವದಿಂದ ನನಗೆ ಒಂದು ವಿಷಯ ಖಚಿತವಾಗಿದೆ. ಮೊದಲ ಆರು ತಿಂಗಳು ಯಾರಿಗೆ ತೀರಾ ಕಷ್ಟವಾಗುತ್ತದೆಯೋ ಅವರೆಲ್ಲ ಊರಿನಲ್ಲಿಯೇ ಮುಗಿಸಬಹುದಾಗಿದ್ದ ಎರಡು ಕೆಲಸಗಳನ್ನು ಬಾಕಿ ಬಿಟ್ಟು ಬಂದಿರುತ್ತಾರೆ: ಒಂದು ಕಾಗದಪತ್ರ, ಇನ್ನೊಂದು ಫ್ರೆಂಚ್ ಭಾಷೆ. ಉಳಿದದ್ದೆಲ್ಲವನ್ನೂ ಇಲ್ಲಿಗೆ ಬಂದ ಮೇಲೆ ಹೊಂದಿಸಿಕೊಳ್ಳಬಹುದು.

ಕಾಗದಪತ್ರಗಳ ಪೈಕಿ ಮೊದಲನೆಯದು ಜನನ ಪ್ರಮಾಣಪತ್ರ. ವೀಸಾ ಪಡೆಯುವಾಗ ಇದರ ಬಗ್ಗೆ ಯಾರೂ ಹೆಚ್ಚು ಕೇಳದಿರಬಹುದು. ಆದರೆ ಇಲ್ಲಿನ ಆರೋಗ್ಯ ವಿಮೆಗೆ ನೋಂದಾಯಿಸಿಕೊಳ್ಳುವಾಗ ಇದಿಲ್ಲದೆ ಕೆಲಸ ಮುಂದಕ್ಕೆ ಹೋಗುವುದಿಲ್ಲ. ನಮ್ಮ ಕಡೆ ಹಳೆಯ ಪ್ರಮಾಣಪತ್ರಗಳಲ್ಲಿ ಒಂದು ತೊಡಕು ಸಾಮಾನ್ಯ. ಆಸ್ಪತ್ರೆಯಲ್ಲಿ ಹುಟ್ಟಿದಾಗಲೇ ನೋಂದಣಿ ಆಗಿರುತ್ತದೆ, ನಾಮಕರಣ ಆಮೇಲೆ ನಡೆದಿರುತ್ತದೆ. ಹೀಗಾಗಿ ಮಗುವಿನ ಹೆಸರಿನ ಜಾಗ ಖಾಲಿಯಾಗಿಯೇ ಉಳಿದಿರುತ್ತದೆ. ಅಂಥ ಪತ್ರ ಇಲ್ಲಿ ಉಪಯೋಗಕ್ಕೆ ಬಾರದು. ನಿಮ್ಮ ಹೆಸರು, ತಂದೆ-ತಾಯಿಯ ಹೆಸರು, ಹುಟ್ಟಿದ ಊರು ಎಲ್ಲವೂ ಇರುವ ಪ್ರಮಾಣಪತ್ರವನ್ನು ನಗರಸಭೆಯಿಂದಲೋ ಪಂಚಾಯಿತಿಯಿಂದಲೋ ಹೊಸದಾಗಿ ಪಡೆದು, ರಾಜ್ಯ ಸರ್ಕಾರದ ದೃಢೀಕರಣ ಮಾಡಿಸಿ, ಅದರ ಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ (ಪತ್ರ ಅಸಲಿ ಎಂದು ಹೊರದೇಶಗಳಿಗೆ ತಿಳಿಸುವ ಮುದ್ರೆ) ಹಾಕಿಸಿಕೊಂಡು ಬನ್ನಿ. ಫ್ರೆಂಚ್ ಅನುವಾದವನ್ನು ಇಲ್ಲಿನ ನ್ಯಾಯಾಲಯದ ಪಟ್ಟಿಯಲ್ಲಿರುವ ಅಧಿಕೃತ ಅನುವಾದಕರಿಂದ ಮಾಡಿಸಿದರೆ ಯಾವ ಕಚೇರಿಯಲ್ಲಿಯೂ ತಕರಾರು ಬರುವುದಿಲ್ಲ.

ಎರಡನೆಯ ತೊಡಕು ಇನಿಷಿಯಲ್ಲುಗಳದ್ದು. ಹೆಸರಿನ ಮುಂದೆ ಅಥವಾ ಹಿಂದೆ ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ ಇಟ್ಟುಕೊಳ್ಳುವ ನಮ್ಮ ರೂಢಿ ಫ್ರಾನ್ಸಿನ ಯಾವ ಅರ್ಜಿಯಲ್ಲಿಯೂ ಸರಿಯಾಗಿ ಕೂರುವುದಿಲ್ಲ. ಇಲ್ಲಿ ಕುಟುಂಬದ ಹೆಸರಿಗೆ ಒಂದು ಅಂಕಣ, ಸ್ವಂತ ಹೆಸರಿಗೆ ಇನ್ನೊಂದು ಅಂಕಣ, ಎರಡನ್ನೂ ತುಂಬಲೇಬೇಕು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟು ಬಂದವರ ಹೆಸರನ್ನು ವಿಶ್ವವಿದ್ಯಾಲಯ ಒಂದು ರೀತಿ, ಬ್ಯಾಂಕು ಇನ್ನೊಂದು ರೀತಿ, ವಿಮೆಯವರು ಮತ್ತೊಂದು ರೀತಿ ಬರೆದುಕೊಳ್ಳುತ್ತಾರೆ. ಆಮೇಲೆ ಈ ಮೂವರೂ ಒಬ್ಬನೇ ವ್ಯಕ್ತಿ ಎಂದು ಸಾಬೀತುಪಡಿಸುವುದಕ್ಕೇ ತಿಂಗಳುಗಳು ಹಿಡಿಯುತ್ತವೆ. ಸಾಧ್ಯವಿದ್ದರೆ ಕ್ಯಾಂಪಸ್ ಫ್ರಾನ್ಸಿಗೆ (ವಿದೇಶಿ ವಿದ್ಯಾರ್ಥಿಗಳ ಅರ್ಜಿಗಳನ್ನು ನೋಡಿಕೊಳ್ಳುವ ಫ್ರೆಂಚ್ ಸರ್ಕಾರಿ ಸಂಸ್ಥೆ) ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ಲುಗಳನ್ನು ಬಿಡಿಸಿ ಬರೆಸಿ, ಸರ್‌ನೇಮ್ ಸೇರಿಸಿಕೊಳ್ಳಿ. ಅದು ಆಗದಿದ್ದರೆ, ಮೊದಲ ಕಚೇರಿ ನಿಮ್ಮ ಹೆಸರನ್ನು ಹೇಗೆ ಬರೆಯಿತೋ ಅದನ್ನೇ ಅಕ್ಷರವೂ ವ್ಯತ್ಯಾಸವಾಗದಂತೆ ಎಲ್ಲ ಕಡೆ ಬಳಸಿ.

ಭಾಷೆಯ ಬಗ್ಗೆ ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಕೋರ್ಸು ಪೂರ್ತಿ ಇಂಗ್ಲಿಷಿನಲ್ಲಿದೆ ಎಂಬ ಭರವಸೆಯಿಂದ ಬರುವವರು ಬಹಳ. ತರಗತಿಯೊಳಗೆ ಅದು ನಿಜವೇ ಇರಬಹುದು. ಆದರೆ ತುಲೂಸು ಪ್ಯಾರಿಸ್ ಅಲ್ಲ. ಮನೆ ಮಾಲೀಕರು, ಔಷಧಿ ಅಂಗಡಿಯವರು, ಸರ್ಕಾರಿ ಕಚೇರಿಯ ಕಿಟಕಿಯಲ್ಲಿ ಕೂತವರು, ಇಂಟರ್ನ್‌ಶಿಪ್ ಕೊಡುವ ಸಣ್ಣ ಕಂಪನಿಗಳವರು ಫ್ರೆಂಚ್‌ನಲ್ಲಿಯೇ ಮಾತನಾಡುತ್ತಾರೆ. ಹೊರಡುವ ಮೊದಲು ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿಯೋ ಬೇರೆಲ್ಲಿಯೋ ಎ2 ಮಟ್ಟದವರೆಗೆ, ಅಂದರೆ ದಿನನಿತ್ಯದ ಸರಳ ಮಾತುಕತೆ ನಡೆಸುವಷ್ಟು, ಕಲಿತು ಬಂದರೆ ಇಲ್ಲಿನ ದಿನಗಳು ಬೇರೆಯೇ ಆಗಿರುತ್ತವೆ. ಅಂಗಡಿಯೊಳಗೆ ಕಾಲಿಟ್ಟಾಗ, ಬಸ್ಸು ಹತ್ತುವಾಗ, ಕಚೇರಿಯಲ್ಲಿ ಸರದಿ ಬಂದಾಗ ಮೊದಲು ‘ಬೊಂಜೂರ್’ ಎನ್ನಬೇಕು, ಆಮೇಲೆ ಕೆಲಸದ ಮಾತು. ಇದನ್ನು ಬಿಟ್ಟು ನೇರವಾಗಿ ಪ್ರಶ್ನೆ ಕೇಳಿದರೆ ಇಲ್ಲಿಯವರಿಗೆ ಅದು ಒರಟುತನವಾಗಿ ಕಾಣುತ್ತದೆ. ಅವರ ಮುಖ ಗಂಟಿಕ್ಕಿದ್ದನ್ನು ನಮ್ಮ ಹುಡುಗರು ಬೇರೆ ಅರ್ಥದಲ್ಲಿ ತೆಗೆದುಕೊಂಡು ನೊಂದುಕೊಂಡದ್ದನ್ನು ನಾನು ನೋಡಿದ್ದೇನೆ.

ಪ್ರಯಾಣದ ವಿಷಯಕ್ಕೆ ಬಂದರೆ, ಬೆಂಗಳೂರಿನಿಂದ ತುಲೂಸಿಗೆ ಎಲ್ಲಿಯಾದರೂ ವಿಮಾನ ಬದಲಿಸಿಯೇ ಬರಬೇಕು. ಒಂದೇ ಟಿಕೆಟ್ಟಿನಲ್ಲಿ ತುಲೂಸಿನ ಬ್ಲಾನ್ಯಾಕ್ ವಿಮಾನ ನಿಲ್ದಾಣದವರೆಗೆ ಬರುವುದು ಸುಖ. ಪ್ಯಾರಿಸ್ಸಿನಲ್ಲಿ ಇಳಿದು ಮೊಂಪಾರ್ನಾಸ್ ನಿಲ್ದಾಣದಿಂದ ಟಿಜಿವಿ ಎಂಬ ಅತಿವೇಗದ ರೈಲು ಹಿಡಿದರೆ ನಾಲ್ಕೂವರೆ ಗಂಟೆಯ ಆಸುಪಾಸಿನಲ್ಲಿ ತುಲೂಸಿನ ಮಾತಬಿಯೋ ನಿಲ್ದಾಣ ಸೇರಬಹುದು. ಆದರೆ ಎರಡು ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಪ್ಯಾರಿಸ್ ದಾಟುವುದು ಸಣ್ಣ ಕೆಲಸವಲ್ಲ. ಮುಂದೆ ರೈಲಿನಲ್ಲಿ ಓಡಾಡುವ ಆಲೋಚನೆಯಿದ್ದರೆ 27 ವರ್ಷದವರೆಗಿನವರಿಗಾಗಿ ಇರುವ ಯುವ ರಿಯಾಯಿತಿ ಕಾರ್ಡನ್ನು ಮೊದಲೇ ಕೊಳ್ಳಿ. ಊರೊಳಗೆ ಮೆಟ್ರೋ ಎ ಮತ್ತು ಬಿ ಮಾರ್ಗಗಳು, ಟ್ರಾಮ್, ಬಸ್ಸು ಎಲ್ಲವೂ ತಿಸ್ಸೇಯೋ ಎಂಬ ಒಂದೇ ವ್ಯವಸ್ಥೆಗೆ ಸೇರಿವೆ. ರಂಗೇಯ್ ಕಡೆ ಓದುವವರಿಗೆ ಬಿ ಮಾರ್ಗ, ಮಿರೈ ಕಡೆಯವರಿಗೆ ಎ ಮಾರ್ಗ. ಮನೆ ಹುಡುಕುವಾಗ ಇದನ್ನು ನೆನಪಿನಲ್ಲಿಡಿ.

ಮನೆ ಸಿಗುವುದು ಇಲ್ಲಿ ನಿಜಕ್ಕೂ ಕಷ್ಟ. ಸರ್ಕಾರದ ಕ್ರೂಸ್ ವಸತಿನಿಲಯಗಳಲ್ಲಿ ಬಾಡಿಗೆ ಕಡಿಮೆ, ಆದರೆ ಅಲ್ಲಿ ವಿದ್ಯಾರ್ಥಿವೇತನ ಇರುವವರಿಗೆ ಆದ್ಯತೆ. ಖಾಸಗಿಯಾಗಿ ಒಂದು ಸಣ್ಣ ಸ್ಟುಡಿಯೋಗೆ ತಿಂಗಳಿಗೆ ಸುಮಾರು 450ರಿಂದ 600 ಯೂರೋ ಆಗುತ್ತದೆ. ಮೂರು ನಾಲ್ಕು ಮಂದಿ ಒಂದು ಮನೆ ಹಂಚಿಕೊಂಡರೆ ಕಡಿಮೆ. ಮಾಲೀಕರು ಫ್ರಾನ್ಸಿನಲ್ಲಿರುವ ಜಾಮೀನುದಾರರನ್ನು ಕೇಳುತ್ತಾರೆ. ಹೊಸಬರಿಗೆ ಅಂಥವರು ಎಲ್ಲಿಂದ ಸಿಗಬೇಕು? ಇದಕ್ಕೆಂದೇ ವಿಜಾಲ್ ಎಂಬ ಉಚಿತ ಜಾಮೀನು ವ್ಯವಸ್ಥೆ ಇದೆ. ವೀಸಾ ಕೈಗೆ ಬಂದ ಕೂಡಲೇ ಅರ್ಜಿ ಹಾಕಿ ಅದರ ಪ್ರಮಾಣಪತ್ರ ಇಟ್ಟುಕೊಳ್ಳಿ. ಮನೆ ನೋಡದೆ, ನಿಮ್ಮ ಪರವಾಗಿ ಯಾರೂ ನೋಡದೆ, ಮುಂಗಡ ಹಣ ಕಳುಹಿಸಬೇಡಿ. ಮಾಲೀಕರು ವಿದೇಶದಲ್ಲಿದ್ದಾರೆ, ಕೀಲಿಯನ್ನು ಅಂಚೆಯಲ್ಲಿ ಕಳಿಸುತ್ತಾರೆ ಎಂಬ ಮಾತು ಬಂದರೆ ಅಲ್ಲಿಗೇ ನಿಲ್ಲಿಸಿ.

ಕೀಲಿ ಕೊಡುವ ದಿನ ಮಾಲೀಕರು ಅಥವಾ ಅವರ ಏಜೆಂಟರು ನಿಮ್ಮೊಡನೆ ಕೋಣೆ ಕೋಣೆ ತಿರುಗಿ ‘ಎತಾ ದೆ ಲಿಯೂ’ ಎಂಬ ಸ್ಥಿತಿಪಟ್ಟಿ ಬರೆಯುತ್ತಾರೆ. ಗೋಡೆಯ ಮೊಳೆ ತೂತು, ಸಿಂಕಿನ ಗೀರು, ಕಿಟಕಿಯ ಬಿರುಕು, ಹಾಸಿಗೆಯ ಕಲೆ ಎಲ್ಲವನ್ನೂ ಅದರಲ್ಲಿ ಬರೆಸಿ, ಫೋಟೋ ತೆಗೆದುಕೊಳ್ಳಿ. ಸಂಕೋಚ ಬೇಡ. ಬರೆಯದೆ ಬಿಟ್ಟ ಗೀರು ಮನೆ ಬಿಡುವ ದಿನ ನಿಮ್ಮದಾಗುತ್ತದೆ, ಅದರ ಖರ್ಚು ಮುಂಗಡದಲ್ಲಿ ಕಡಿತವಾಗುತ್ತದೆ. ಏನಾದರೂ ಬಿಟ್ಟುಹೋಗಿದ್ದರೆ ಹತ್ತು ದಿನಗಳೊಳಗೆ ಸೇರಿಸುವಂತೆ ಕೇಳುವ ಹಕ್ಕು ಕಾನೂನಿನಲ್ಲಿದೆ. ಮನೆಗೆ ವಿಮೆ ಮಾಡಿಸುವುದೂ ಕಡ್ಡಾಯ. ಬಾಡಿಗೆಗೆ ಕಾಫ್ ಎಂಬ ಸಂಸ್ಥೆ ಕೊಡುವ ಸಹಾಯಧನದ ನಿಯಮಗಳನ್ನು ಸರ್ಕಾರ ಬಜೆಟ್ಟಿನ ಜೊತೆಗೆ ಬದಲಿಸುತ್ತಿರುತ್ತದೆ, ಆದ್ದರಿಂದ ಆ ಹಣವನ್ನು ನಂಬಿಕೊಂಡು ಖರ್ಚಿನ ಲೆಕ್ಕ ಹಾಕಬೇಡಿ.

ವಿಳಾಸ ಸಿಕ್ಕಿದರೆ ಬ್ಯಾಂಕ್ ಖಾತೆ ಸಿಗುತ್ತದೆ. ಖಾತೆ ತೆರೆದರೆ ‘ರಿಬ್’ ಎಂಬ ಖಾತೆ ವಿವರದ ಹಾಳೆ ಸಿಗುತ್ತದೆ. ಆ ಹಾಳೆಯನ್ನು ವಿಮೆ, ಫೋನು, ವಿದ್ಯುತ್ತು, ಸಂಬಳ ಎಲ್ಲದಕ್ಕೂ ಕೇಳುತ್ತಾರೆ. ಈ ಸರಪಳಿ ಪೂರ್ತಿಯಾಗಲು ವಾರಗಳೇ ಹಿಡಿಯುವುದರಿಂದ ಮೊದಲ ಮೂರು ತಿಂಗಳಿಗೆ ಸಾಕಾಗುವಷ್ಟು ಹಣ ಸಿದ್ಧವಿರಲಿ. ದೀರ್ಘಾವಧಿ ವೀಸಾವನ್ನು ಬಂದ ಮೂರು ತಿಂಗಳೊಳಗೆ ಆನ್‌ಲೈನಿನಲ್ಲಿ ಊರ್ಜಿತಗೊಳಿಸಬೇಕು. ಅದನ್ನು ಮೊದಲ ವಾರದಲ್ಲಿಯೇ ಮುಗಿಸಿ. ಪಾರ್ಟ್‌ಟೈಮ್ ಕೆಲಸಕ್ಕೆ ವರ್ಷಕ್ಕೆ 964 ಗಂಟೆಗಳ ಮಿತಿಯಿದೆ.

ವಿದ್ಯಾರ್ಥಿಗಳಿಗೆ ಸರ್ಕಾರಿ ಆರೋಗ್ಯ ವಿಮೆ ಉಚಿತ. ಅಮೆಲಿ ಎಂಬ ಆ ವಿಮೆಯ ಜಾಲತಾಣದಲ್ಲಿ ವಿದೇಶಿ ವಿದ್ಯಾರ್ಥಿಗಳ ಪುಟಕ್ಕೆ ಹೋಗಿ ನೋಂದಾಯಿಸಿದರೆ ಮೊದಲು ತಾತ್ಕಾಲಿಕ ಸಂಖ್ಯೆ ಬರುತ್ತದೆ. ಜನನ ಪ್ರಮಾಣಪತ್ರ ಒಪ್ಪಿಗೆಯಾದ ಮೇಲೆ ಶಾಶ್ವತ ಸಂಖ್ಯೆ. ಅದರ ಮೊದಲ ಅಂಕಿ ಗಂಡಸರಿಗೆ 1, ಹೆಂಗಸರಿಗೆ 2. ಆಮೇಲೆ ಹುಟ್ಟಿದ ವರ್ಷ, ತಿಂಗಳು. ಹೊರದೇಶದಲ್ಲಿ ಹುಟ್ಟಿದವರಿಗೆ 99. ನಿಮ್ಮ ಸಂಖ್ಯೆ ಹೀಗಿದೆಯೇ ಎಂದು ನೋಡಿಕೊಂಡರೆ ಜನ್ಮದಿನಾಂಕ ತಪ್ಪಾಗಿ ದಾಖಲಾಗಿದ್ದರೂ ಅಲ್ಲಿಯೇ ಗೊತ್ತಾಗುತ್ತದೆ. ಶಾಶ್ವತ ಸಂಖ್ಯೆ ಬಂದ ಮೇಲೆ ಕಾರ್ತ್ ವಿತಾಲ್ ಎಂಬ ಹಸಿರು ಕಾರ್ಡು ಕೇಳಿ ಪಡೆಯಿರಿ, ಒಬ್ಬ ವೈದ್ಯರನ್ನು ನಿಮ್ಮ ಖಾಯಂ ವೈದ್ಯರೆಂದು ದಾಖಲಿಸಿ. ತುರ್ತಿಗೆ 15 ಅಥವಾ 112. ಮನಸ್ಸು ತೀರಾ ಕುಸಿದು ಬದುಕು ಬೇಡವೆನಿಸುವಂಥ ಹೊತ್ತಿಗೆ 3114 ಎಂಬ ಉಚಿತ ಸಂಖ್ಯೆ ಹಗಲು ರಾತ್ರಿ ಇರುತ್ತದೆ. ಚಳಿಗಾಲದಲ್ಲಿ ಸಂಜೆ ಐದೂವರೆಗೆಲ್ಲ ಕತ್ತಲಾಗುವ ಊರಿನಲ್ಲಿ, ಮನೆಯಿಂದ ಮೊದಲ ಸಲ ದೂರ ಬಂದವರಿಗೆ ಒಂಟಿತನ ಕಾಡುವುದು ಸಹಜ. ಅದನ್ನು ಯಾರಿಗೂ ಹೇಳದೆ ಒಳಗೇ ಇಟ್ಟುಕೊಳ್ಳಬೇಡಿ.

ಇನ್ನು ಓದಿನ ವಿಷಯ. ಇಲ್ಲಿ ಅಂಕ 20ಕ್ಕೆ. ಹತ್ತು ಬಂದರೆ ಪಾಸು, 14 ಒಳ್ಳೆಯ ಅಂಕ, 16 ದಾಟಿದರೆ ಅತ್ಯುತ್ತಮ. 20ಕ್ಕೆ 20 ಬಹಳ ಅಪರೂಪ. ಪಿಯುಸಿಯಲ್ಲಿ ತೊಂಬತ್ತೈದು ಪ್ರತಿಶತ ತೆಗೆದವರಿಗೆ ಮೊದಲ ಪರೀಕ್ಷೆಯಲ್ಲಿ 11 ಬಂದಾಗ ಆಕಾಶ ಕಳಚಿ ಬಿದ್ದಂತಾಗುತ್ತದೆ; ಆ 11 ಅಷ್ಟೇನೂ ಕೆಟ್ಟ ಅಂಕವಲ್ಲ ಎಂದು ಊರಿನಲ್ಲಿರುವ ತಂದೆ-ತಾಯಿಗೂ ಮೊದಲೇ ತಿಳಿಸಿಡಿ. ದೊಡ್ಡ ಸಭಾಂಗಣದಲ್ಲಿ ನಡೆಯುವ ಉಪನ್ಯಾಸಗಳಿಗೆ ಹಾಜರಿ ಕೇಳದಿದ್ದರೂ, ಸಣ್ಣ ಗುಂಪಿನ ‘ತೇದೇ’ ತರಗತಿಗಳು ಮತ್ತು ‘ತೇಪೇ’ ಪ್ರಯೋಗಗಳಿಗೆ ಹಾಜರಿ ಸಾಮಾನ್ಯವಾಗಿ ಕಡ್ಡಾಯ. ಉತ್ತರವನ್ನು ಬಾಯಿಪಾಠ ಒಪ್ಪಿಸಿದರೆ ಅಂಕ ಸಿಗುವುದಿಲ್ಲ, ಅಲ್ಲಿಗೆ ಹೇಗೆ ತಲುಪಿದಿರಿ ಎಂಬ ತರ್ಕವನ್ನು ಬರೆದು ತೋರಿಸಬೇಕು. ಇಂಟರ್ನ್‌ಶಿಪ್ಪಿಗೆ ವಿಶ್ವವಿದ್ಯಾಲಯ, ಕಂಪನಿ ಮತ್ತು ನೀವು ಮೂವರೂ ಸಹಿ ಮಾಡಿದ ಒಪ್ಪಂದ ಬೇಕೇಬೇಕು. ಅವಧಿ ಎರಡು ತಿಂಗಳು ಮೀರಿದರೆ ಭತ್ಯೆ ಕೊಡುವುದು ಕಾನೂನುಬದ್ಧ ಹೊಣೆ. ಏಪ್ರಿಲ್‌ನಲ್ಲಿ ಶುರುವಾಗುವ ಇಂಟರ್ನ್‌ಶಿಪ್ಪಿಗೆ ಅಕ್ಟೋಬರಿನಲ್ಲಿಯೇ ಹುಡುಕಾಟ ಆರಂಭಿಸಿ. ರಕ್ಷಣೆಗೆ ಸಂಬಂಧಿಸಿದ ಯೋಜನೆಗಳಲ್ಲಿ ವಿದೇಶೀಯರಿಗೆ ಅನುಮತಿ ಸಿಗುವುದು ತಡವಾಗುತ್ತದೆ, ಕೆಲವೊಮ್ಮೆ ಸಿಗುವುದೇ ಇಲ್ಲ. ವಿಮಾನ ಕ್ಷೇತ್ರಕ್ಕೆ ಬರುವವರು ಇದನ್ನು ಮೊದಲೇ ಗಮನದಲ್ಲಿಡಬೇಕು.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಸ್ವಲ್ಪ ಎಚ್ಚರದಿಂದಿರಬೇಕು. ಇದು ಬಾತುಕೋಳಿಯ ಕೊಬ್ಬಿನಲ್ಲಿ ಅಡುಗೆ ಮಾಡುವ ಸೀಮೆ. ಊರಿನ ಹೆಸರಾದ ಕಸೂಲೆ ನೋಡಲು ಬಿಳಿ ಬೀನ್ಸಿನ ಗೊಜ್ಜಿನಂತಿದ್ದರೂ ಒಳಗೆ ಬಾತುಕೋಳಿ ಮತ್ತು ಹಂದಿಮಾಂಸ ಇರುತ್ತದೆ. ಸಲಾಡಿನಲ್ಲಿ ಹಂದಿಮಾಂಸದ ಚೂರುಗಳು, ಸಿಹಿ ತಿನಿಸುಗಳಲ್ಲಿ ಪ್ರಾಣಿಗಳ ಚರ್ಮ-ಮೂಳೆಯಿಂದ ತೆಗೆದ ಜೆಲಾಟಿನ್, ಕೊಂತೆ ಮತ್ತು ರೋಕ್‌ಫೋರ್‌ನಂಥ ಚೀಸುಗಳಲ್ಲಿ ಎಳೆ ಪ್ರಾಣಿಗಳ ಹೊಟ್ಟೆಯಿಂದ ತೆಗೆದ ಹೆಪ್ಪು ಇರುತ್ತದೆ. ಮಾಂಸ ಬೇಡ ಎಂದರೆ ಮೀನು ತಂದಿಡುವವರೂ ಇದ್ದಾರೆ, ಆದ್ದರಿಂದ ಎರಡೂ ಬೇಡ ಎಂದು ಬಿಡಿಸಿ ಹೇಳಿ.

ಮನೆಯಲ್ಲಿ ಅಡುಗೆ ಮಾಡಿಕೊಳ್ಳುವವರಿಗೆ ಮಾತ್ರ ಇಲ್ಲಿ ಯಾವ ಕೊರತೆಯೂ ಇಲ್ಲ. ಆರ್ನೋ-ಬೆರ್ನಾರ್ ಬಡಾವಣೆಯ ಉತ್ತರ ಆಫ್ರಿಕಾದವರ ಅಂಗಡಿಗಳಲ್ಲಿ ಕೊತ್ತಂಬರಿ ಸೊಪ್ಪಿನ ಕಟ್ಟು, ಹಸಿಮೆಣಸಿನಕಾಯಿ, ಜೀರಿಗೆ ಸಿಗುತ್ತವೆ. ಅಲ್ಲಿಯೇ ‘ಲ್ಬೆನ್’ ಎಂಬ ಬಾಟಲಿ ಹುಡುಕಿ: ಅದು ನಮ್ಮ ಮಜ್ಜಿಗೆಯೇ, ಒಂದು ಚಿಟಿಕೆ ಇಂಗಿನ ಒಗ್ಗರಣೆ ಹಾಕಿದರೆ ಸಾಕು. ‘ಸೆಮೂಲ್ ಫೀನ್’ ಎಂದು ಬರೆದ ಪೊಟ್ಟಣದಲ್ಲಿ ಉಪ್ಪಿಟ್ಟಿಗೆ ಆಗುವ ರವೆ ಇದೆ. ಹಿಟ್ಟಿನ ಪೊಟ್ಟಣದ ಮೇಲಿನ ‘ಟಿ’ ಸಂಖ್ಯೆ ಹೆಚ್ಚಿದಷ್ಟೂ ಹೊಟ್ಟಿನ ಅಂಶ ಹೆಚ್ಚು; ಟಿ55 ಮೈದಾಕ್ಕೆ ಹತ್ತಿರ, ಚಪಾತಿಗೆ ಟಿ110 ಅಥವಾ ಟಿ150 ಕೊಳ್ಳಿ. ಉಪ್ಪು ಹಾಕದ ಬೆಣ್ಣೆ ತಂದು ತುಪ್ಪ ಕಾಯಿಸಿಕೊಳ್ಳಬಹುದು. ಊರಿನಿಂದ ತುಪ್ಪ, ಹಾಲಿನ ಪದಾರ್ಥ, ಮಾಂಸ ತರುವುದಕ್ಕೆ ಯುರೋಪಿನ ನಿಯಮ ಒಪ್ಪುವುದಿಲ್ಲ. ಹಸಿ ಕರಿಬೇವಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ರಾಗಿಹಿಟ್ಟು, ಸಾರಿನ ಪುಡಿ, ಬಿಸಿಬೇಳೆಬಾತಿನ ಪುಡಿ, ಹುಣಸೆಹಣ್ಣು ತನ್ನಿ. ಕುಕ್ಕರ್ ತರುವುದಾದರೆ ಸ್ಟೀಲಿನದ್ದು, ಇಂಡಕ್ಷನ್ ತಳದ್ದು ತನ್ನಿ. ಅಲ್ಯೂಮಿನಿಯಂ ಕುಕ್ಕರ್ ಇಲ್ಲಿನ ಎಷ್ಟೋ ಒಲೆಗಳ ಮೇಲೆ ಬಿಸಿಯೇ ಆಗುವುದಿಲ್ಲ. ನಮ್ಮ ಮೂರು ಕಡ್ಡಿಯ ಪ್ಲಗ್ಗಿಗೆ ಅಡಾಪ್ಟರ್ ಬೇಕು. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಆದರೆ ಸೇಂಟ್-ಓಬಾನ್ ಚರ್ಚಿನ ಸುತ್ತ ಬೆಳಿಗ್ಗೆ ದೊಡ್ಡ ಸಂತೆ ನೆರೆಯುತ್ತದೆ.

ಕನ್ನಡದವರನ್ನು ಹುಡುಕಿಕೊಳ್ಳಿ, ಯುಗಾದಿಗೂ ದೀಪಾವಳಿಗೂ ಯಾರದಾದರೂ ಮನೆಯಲ್ಲಿ ಸೇರುವವರು ಇದ್ದೇ ಇರುತ್ತಾರೆ. ಆದರೆ ಎಲ್ಲ ಸಂಜೆಗಳನ್ನೂ ನಮ್ಮವರ ನಡುವೆಯೇ ಕಳೆದರೆ ಎರಡು ವರ್ಷವಾದರೂ ಫ್ರೆಂಚ್ ಬರುವುದಿಲ್ಲ ಎಂಬುದೂ ನಿಜ. ಕಾಲೇಜಿನ ಕ್ರೀಡಾ ಸಂಘ, ಪಿರನೀಸ್ ಬೆಟ್ಟಗಳಿಗೆ ಚಾರಣ ಹೋಗುವ ಗುಂಪು, ಸ್ವಯಂಸೇವಾ ಸಂಘ, ಯಾವುದಾದರೂ ಒಂದಕ್ಕೆ ಸೇರಿಕೊಳ್ಳಿ.

ವಾಸದ ಪರವಾನಗಿ ಮುಗಿಯುವ ನಾಲ್ಕು ತಿಂಗಳಿಂದ ಎರಡು ತಿಂಗಳ ಮೊದಲಿನ ಅವಧಿಯಲ್ಲಿ ನವೀಕರಣದ ಅರ್ಜಿ ಹಾಕಬೇಕು. ಆಗ ಅಂಕಪಟ್ಟಿ, ಹಾಜರಿ, ಹಣದ ಆಧಾರ, ವಿಳಾಸದ ಪುರಾವೆ ಎಲ್ಲವನ್ನೂ ಕೇಳುತ್ತಾರೆ. ಬಂದ ದಿನದಿಂದಲೇ ಪ್ರತಿ ಕಾಗದದ ಪ್ರತಿಯನ್ನೂ ಸ್ಕ್ಯಾನ್ ಮಾಡಿ ಒಂದೆಡೆ ಇಡಿ. ಸ್ನಾತಕೋತ್ತರ ಪದವಿ ಮುಗಿಸಿದ ಭಾರತೀಯರಿಗೆ, ಎರಡು ದೇಶಗಳ ನಡುವಿನ ಒಪ್ಪಂದದಂತೆ, ಕೆಲಸ ಹುಡುಕಲು ಒಂದು ವರ್ಷದ ಪರವಾನಗಿ ಸಿಗುತ್ತದೆ, ಅದನ್ನು ಇನ್ನೊಂದು ವರ್ಷಕ್ಕೆ ವಿಸ್ತರಿಸಿಕೊಳ್ಳಬಹುದು. ಪದವಿ ಪ್ರದಾನಕ್ಕೆ ತಂದೆ-ತಾಯಿಯನ್ನು ಕರೆಸುವ ಆಸೆಯಿದ್ದರೆ, ನಿಮ್ಮ ಸಣ್ಣ ಸ್ಟುಡಿಯೋದಲ್ಲಿ ಇಳಿಸಿಕೊಳ್ಳಲು ಪುರಸಭೆಯ ಅತಿಥಿಪತ್ರ ಬೇಕಾಗುತ್ತದೆ, ಪುರಸಭೆಯವರು ಮನೆಯ ಅಳತೆಯನ್ನೂ ನಿಮ್ಮ ಆದಾಯವನ್ನೂ ನೋಡುತ್ತಾರೆ. ಹೋಟೆಲಿನಲ್ಲಿ ಕೋಣೆ ಕಾಯ್ದಿರಿಸಿ ಆ ಆಧಾರದ ಮೇಲೆ ಅವರ ವೀಸಾಕ್ಕೆ ಅರ್ಜಿ ಹಾಕುವುದು ಸುಲಭ. ಬೇಸಿಗೆಯ ಹೊತ್ತಿಗೆ ಬೆಂಗಳೂರಿನಲ್ಲಿ ವೀಸಾ ಕೇಂದ್ರದ ದಿನಾಂಕಗಳು ಬೇಗ ಮುಗಿಯುವುದರಿಂದ ಎರಡು ಮೂರು ತಿಂಗಳ ಮೊದಲೇ ಕಾಯ್ದಿರಿಸಿಕೊಳ್ಳಿ.