ಇಸ್ತ್ರಿಪೆಟ್ಟಿಗೆ ಇಲ್ಲದೆ ಕ್ರೂಸ್‌ನಲ್ಲಿ ಸುಕ್ಕಿಲ್ಲದ ಬಟ್ಟೆ: ನನ್ನ ಅನುಭವ

ಬಂಡಲ್ ಸುತ್ತುವುದು, ಅಂದರೆ ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿ ನಡುವೆ ಇಟ್ಟ ಚೀಲದ ಸುತ್ತ ಸುತ್ತಿ ಒಂದೇ ಗಂಟು ಮಾಡುವುದು, ಕ್ರೂಸ್‌ಗೆ ಆಗಿಬರಲ್ಲ ಅಂತ ನನಗೆ ಹೇಳದವರೇ ಇಲ್ಲ. ಒಂದು ಬನಿಯನ್ ಬೇಕಾದರೂ ಇಡೀ ಗಂಟು ಬಿಚ್ಚಬೇಕಲ್ಲ ಅನ್ನುವುದು ಅವರ ವಾದ. ದಿನಕ್ಕೊಂದು ಹೋಟೆಲ್ ಬದಲಿಸುವವರಿಗೆ ಆ ಮಾತು ಸರಿ. ಆದರೆ ಹಡಗಿನಲ್ಲಿ ಒಂದೇ ಕ್ಯಾಬಿನ್, ಸೂಟ್‌ಕೇಸ್ ಬಿಚ್ಚುವುದು ಒಂದೇ ಸಲ, ಅಲ್ವಾ? ಈ ಸಲ ಫಾರ್ಮಲ್ ನೈಟ್‌ಗೆ, ಅಂದರೆ ಎಲ್ಲರೂ ಸೂಟು, ಗೌನ್ ಹಾಕಿ ಊಟಕ್ಕೆ ಬರುವ ಸಂಜೆಗೆ, ನಾನು ಹಾಕಿದ ಬಿಳಿ ಕಾಟನ್ ಶರ್ಟ್ ನೋಡಿ, ಬೇಡ ಅಂದವರೇ ಎಲ್ಲಿ ಇಸ್ತ್ರಿ ಮಾಡಿಸಿದಿರಿ ಅಂತ ಕೇಳಿದರು. ಹಡಗಿನಲ್ಲಿ ಎಲ್ಲೂ ಮಾಡಿಸಿರಲಿಲ್ಲ.

ಇದಕ್ಕೂ ಮುಂಚೆ ದುಡ್ಡು ಸಾಕಷ್ಟು ಹೋಗಿದೆ. ಪ್ಯಾಕಿಂಗ್ ಕ್ಯೂಬ್ (ಬಟ್ಟೆ ವಿಂಗಡಿಸಿ ಇಡುವ ಜಿಪ್ ಚೀಲ), ಹಲಗೆ ಇರುವ ಫೋಲ್ಡರ್, ವ್ಯಾಕ್ಯೂಮ್ ಬ್ಯಾಗ್ ಎಲ್ಲಾ ಸೇರಿದರೆ ಒಂದು ಒಳ್ಳೆ ಸೂಟ್‌ಕೇಸೇ ಬರುತ್ತಿತ್ತು. ಕ್ಯೂಬ್ ನೋಡೋಕೆ ಅಚ್ಚುಕಟ್ಟು, ಆದರೆ ಒಳಗಿನ ಮಡಿಕೆ ಮಡಿಕೆಯೇ. ಸುರುಳಿ ಸುತ್ತುವುದು ಟೀ ಶರ್ಟು, ಜೀನ್ಸಿಗೆ ಸಾಕು, ಕಾಲರ್ ಶರ್ಟಿಗೆ ಸಣ್ಣ ಸಣ್ಣ ಗೆರೆ ಬೀಳುತ್ತವೆ. ವ್ಯಾಕ್ಯೂಮ್ ಬ್ಯಾಗಂತೂ ತೀರಾ ಕೆಟ್ಟದ್ದು. ಗಾಳಿ ಎಳೆದಷ್ಟೂ ಸುಕ್ಕು ಗಟ್ಟಿಯಾಗಿ ಕೂರುತ್ತದೆ. ಹಬೆಯಿಂದ ಸುಕ್ಕು ತೆಗೆಯುವ ಟ್ರಾವೆಲ್ ಸ್ಟೀಮರ್, ಹಡಗು ಹತ್ತುವಾಗಲೇ ಸ್ಕ್ಯಾನಿಂಗ್‌ನಲ್ಲಿ ಸಿಕ್ಕಿಬಿತ್ತು, ಇಳಿಯುವ ದಿನ ವಾಪಸ್ ಕೊಟ್ಟರು. ಬೆಂಕಿಯ ಭಯಕ್ಕೆ ಹೆಚ್ಚಿನ ಹಡಗುಗಳಲ್ಲಿ ಸ್ಟೀಮರ್, ಇಸ್ತ್ರಿಪೆಟ್ಟಿಗೆ ಎರಡನ್ನೂ ಬಿಡುವುದಿಲ್ಲ.

ಹಡಗಿನ ಲಾಂಡ್ರಿಗೇ ಕೊಡೋಣ ಅಂದರೆ ಲೆಕ್ಕ ಪೀಸಿಗಿಷ್ಟು. ಇಬ್ಬರ ಫಾರ್ಮಲ್ ಬಟ್ಟೆಗೆ ಬಂದ ಬಿಲ್ಲು ಒಂದು ಬಂದರಿನಲ್ಲಿ ಇಳಿದು ಸುತ್ತಾಡುವ ಟೂರ್‌ನ ದುಡ್ಡಿಗೆ ಹತ್ತಿರವಿತ್ತು. ಮೇಲೆ ಉಣ್ಣೆಯ ಕೋಟಿನ ತೋಳು ಮಿರಮಿರ ಹೊಳೆಯುತ್ತಾ ವಾಪಸ್ ಬಂತು. ನಡುವೆ ಬಟ್ಟೆ ಹಾಸದೆ ನೇರ ಬಿಸಿ ಇಟ್ಟರೆ ಹಾಗೇ ಆಗುತ್ತದೆ. ಕೆಲವು ಹಡಗುಗಳಲ್ಲಿ ನಾವೇ ಇಸ್ತ್ರಿ ಮಾಡಿಕೊಳ್ಳುವ ಕೋಣೆ ಇರುತ್ತದೆ, ಆದರೆ ಫಾರ್ಮಲ್ ನೈಟ್ ಸಂಜೆ ಅಲ್ಲಿ ಕ್ಯೂ.

ಈಗ ನಾನು ಮಾಡುವುದು ಹೀಗೆ. ಇಸ್ತ್ರಿ ಆದ ಬಟ್ಟೆ ರಾತ್ರಿಯೆಲ್ಲಾ ಹ್ಯಾಂಗರ್‌ನಲ್ಲೇ ಇರಬೇಕು. ಬಿಸಿ, ಪಸೆ ಪೂರ್ತಿ ಹೋಗದೆ ಪ್ಯಾಕ್ ಮಾಡಿದರೆ ಮುಂದಿನದೆಲ್ಲಾ ದಂಡ. ಮೊದಲು ಕೋಟು, ಬೆನ್ನು ಕೆಳಗೆ, ತೋಳು ಎರಡೂ ಕಡೆ ಚಾಚಿ. ಅದರ ಮೇಲೆ ಗೌನ್. ಆಮೇಲೆ ಶರ್ಟುಗಳು, ಒಂದರ ಕಾಲರ್ ಮೇಲಕ್ಕಾದರೆ ಮುಂದಿನದರದ್ದು ಕೆಳಕ್ಕೆ. ಕೊನೆಗೆ ಪ್ಯಾಂಟು. ನಡುವಿಗೆ ಒಳಉಡುಪು, ಸಾಕ್ಸ್ ತುಂಬಿದ ಚೀಲ, ಸುಮಾರು 11ಕ್ಕೆ 15 ಇಂಚು. ಇದು ಮೆತ್ತಗಿದ್ದರೆ ಆಗಲ್ಲ, ತುಂಬಿ ಬಿಗಿಯಾಗಿರಬೇಕು. ಕೊನೆಗೆ ಹಾಸಿದ್ದನ್ನು ಮೊದಲು ಸುತ್ತುತ್ತಾ ಬರಬೇಕು. ಪ್ರತಿ ಸುತ್ತಿಗೂ ಅಂಗೈಯಿಂದ ಸವರಬೇಕು, ಎಳೆಯಬಾರದು. ಎಳೆದರೆ ಗುಂಡಿಪಟ್ಟಿ ಸೊಟ್ಟಗಾಗಿ ಅಲ್ಲೇ ಗೆರೆ ಕೂರುತ್ತದೆ. ಪದರಗಳ ನಡುವೆ ಡ್ರೈಕ್ಲೀನ್ ಅಂಗಡಿಯವರು ಕೊಡುವ ತೆಳು ಪ್ಲಾಸ್ಟಿಕ್ ಕವರ್ ಹಾಸುತ್ತೇನೆ. ಒಮ್ಮೆ ಅರ್ಧ ಬಂಡಲ್‌ಗೆ ಟಿಶ್ಯೂ ಪೇಪರ್, ಅರ್ಧಕ್ಕೆ ಪ್ಲಾಸ್ಟಿಕ್ ಹಾಕಿ ನೋಡಿದೆ. ಪ್ಲಾಸ್ಟಿಕ್ ಮೇಲೆ ಬಟ್ಟೆ ಜಾರುತ್ತದೆ, ಮುದುಡುವುದಿಲ್ಲ. ಕಾಟನ್‌ನಲ್ಲಿ ಅದೇ ಗೆದ್ದಿತು, ಸಿಲ್ಕ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ. ಗೌನಿನ ನೆರಿಗೆಯನ್ನು ಯಾವ ದಿಕ್ಕಿಗೆ ಮಡಿಸುತ್ತೇನೆ ಅನ್ನುವುದು ಮಾತ್ರ ನನ್ನಲ್ಲೇ ಇರಲಿ, ಅದನ್ನು ಕಂಡುಕೊಳ್ಳೋಕೆ ಬಹಳ ಬಟ್ಟೆ ಹಾಳಾಗಿದೆ.

ಬಂದರಿನಲ್ಲಿ ಕೊಟ್ಟ ಸೂಟ್‌ಕೇಸ್ ಕ್ಯಾಬಿನ್ ಬಾಗಿಲಿಗೆ ಬರುವಷ್ಟರಲ್ಲಿ ಒಮ್ಮೊಮ್ಮೆ ಸಂಜೆಯಾಗಿರುತ್ತದೆ. ಅಲ್ಲಿಯವರೆಗೆ ಅದು ನಿಂತಿತ್ತೋ ಮಲಗಿತ್ತೋ ಯಾರಿಗೆ ಗೊತ್ತು. ಹಾಗಾಗಿ ಮೊದಲ ರಾತ್ರಿಯ ಬಟ್ಟೆ ಕೈಚೀಲದಲ್ಲಿ. ಪೆಟ್ಟಿಗೆ ಬಂದ ತಕ್ಷಣ ಮಿಕ್ಕ ಕೆಲಸ ಬಿಟ್ಟು ಬಂಡಲ್ ಬಿಚ್ಚುತ್ತೇನೆ.

ಅಷ್ಟೇ ಮುಖ್ಯ ವಾರ್ಡ್‌ರೋಬ್. ಅದು ಇರುವುದೇ ಕಿರಿದು, ಹ್ಯಾಂಗರ್ ಕಡಿಮೆ. ತೆಳ್ಳನೆಯ, ಜಾರದ ಹ್ಯಾಂಗರ್ 8-10 ಒಯ್ಯುತ್ತೇನೆ. ಒಂದಕ್ಕೆ ಎರಡು ಶರ್ಟು, ನಡುವೆ ಅದೇ ಪ್ಲಾಸ್ಟಿಕ್ ಕವರ್. ತುರುಕಿದರೆ ಭುಜದ ಹತ್ತಿರ ಮತ್ತೆ ಸುಕ್ಕು ಏಳುತ್ತದೆ, ಅದಕ್ಕೆ ನಾಳೆಯ ಬಟ್ಟೆ ಹೊರಗೆ. ಕ್ಯಾಬಿನ್ ಗೋಡೆ ಸಾಮಾನ್ಯವಾಗಿ ಉಕ್ಕಿನದು, ಮ್ಯಾಗ್ನೆಟ್ ಕೊಕ್ಕೆ ಗಟ್ಟಿಯಾಗಿ ಹಿಡಿಯುತ್ತದೆ. ಕೋಟಿನ ಭಾರ ತಡೆಯುವಂಥದ್ದನ್ನೇ ತಗೊಳ್ಳಿ. ಸಮುದ್ರ ಎದ್ದ ದಿನ ಹ್ಯಾಂಗರ್‌ಗಳು ಆ ಕಡೆ ಈ ಕಡೆ ಜಾರಿ ಬಟ್ಟೆಯೆಲ್ಲಾ ಒಂದೇ ಮೂಲೆಗೆ ಸೇರುತ್ತದೆ. ಕಂಬಿಗೆ ಅಲ್ಲಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದರೆ ನಿಲ್ಲುತ್ತವೆ.

ಬಾತ್‌ರೂಮ್ ಹಬೆಯಲ್ಲಿ ಬಟ್ಟೆ ನೇತುಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಹಡಗಿನಲ್ಲಿ ಸುಮ್ನೆ ನೀರು ದಂಡ. ಗಾಳಿ ಎಳೆಯುವ ಕಿಂಡಿ ಹಬೆಯನ್ನೆಲ್ಲಾ ಎಳೆದುಕೊಳ್ಳುತ್ತದೆ. ಬಾಲ್ಕನಿಯಲ್ಲಿ ಒಣಹಾಕುವ ಯೋಚನೆಯೂ ಬೇಡ. 2006ರಲ್ಲಿ ಸ್ಟಾರ್ ಪ್ರಿನ್ಸೆಸ್ ಹಡಗಿನ ಬೆಂಕಿ ಹಬ್ಬಿದ್ದು ಬಾಲ್ಕನಿಯಿಂದ ಬಾಲ್ಕನಿಗೆ. ಅಲ್ಲಿ ಬಟ್ಟೆ ನೇತುಹಾಕಬೇಡಿ ಅಂತ ಸಿಬ್ಬಂದಿ ಹೇಳಿದರೆ ಕೇಳಬೇಕು.

ಉಳಿದ ಚಿಕ್ಕ ಗೆರೆಗೆ ನನ್ನ ಸ್ಪ್ರೇ ಇದೆ. ಹೆಚ್ಚುಪಾಲು ನೀರೇ, ಜೊತೆಗೆ ಬೆರೆಸುವುದನ್ನು ಹೇಳಲ್ಲ. ಮಂಜಿನಷ್ಟು ಹೊಡೆದು, ಕೈಯಿಂದ ಮೆಲ್ಲಗೆ ಜಗ್ಗಿ, ಎಸಿ ಗಾಳಿ ಬರುವಲ್ಲಿ ರಾತ್ರಿ ಬಿಡುತ್ತೇನೆ. ಸಿಲ್ಕ್‌ಗೆ ಮಾತ್ರ ಬೇಡ, ಕಲೆ ನಿಲ್ಲುತ್ತದೆ. ಕಾಲರ್ ತುದಿ ಮೇಲೆದ್ದರೆ ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ, ಹೊರಗಿನ ಒದ್ದೆ ಒರೆಸಿ, ಕಾಲರ್ ಮೇಲೆ ಒತ್ತಿ ನಾಲ್ಕೈದು ಸಲ ಉರುಳಿಸುತ್ತೇನೆ. ಬಾಟಲಿ ಒಂದೇ ಪದರದ್ದಾಗಿರಬೇಕು, ಫ್ಲಾಸ್ಕ್‌ನ ಹೊರಮೈ ಬಿಸಿಯೇ ಆಗಲ್ಲ. ಪ್ಯಾಂಟನ್ನು ಹಾಸಿಗೆ ಕೆಳಗೆ ಇಟ್ಟೂ ನೋಡಿದೆ. ಕ್ರೀಸ್ ಬಂತು, ಆದರೆ ಜೋಡಿ ಗೆರೆ.

ಇಡೀ ಬಂಡಲನ್ನು ಕೈಯಲ್ಲೇ ಒಯ್ಯುವ ಚಿಕ್ಕ ಪೆಟ್ಟಿಗೆಗೆ ಇಳಿಸುವ ಪ್ರಯತ್ನ ಈಗ ನಡೆದಿದೆ. ಅದಾದರೆ ಬಂದರಿನ ಕಾಯುವಿಕೆಯೇ ಇರಲ್ಲ. ಒಂದು ಸೂಟು, ಐದಾರು ಶರ್ಟು ಸಲೀಸಾಗಿ ಹಿಡಿಯುತ್ತವೆ. ಗೌನ್ ಸೇರಿಸಿದರೆ ಇನ್ನೂ ಜಿಪ್ ಹತ್ತುತ್ತಿಲ್ಲ.