ಓಪನ್‌ಡಬ್ಲ್ಯೂಆರ್‌ಟಿ ರೌಟರಲ್ಲಿ ಪ್ಯಾಕೆಟ್ ಹಿಡಿಯೋದು ಹೇಗೆ

ಓಪನ್‌ಡಬ್ಲ್ಯೂಆರ್‌ಟಿ (ರೌಟರಿಗೆ ಹಾಕೋ ಲಿನಕ್ಸ್ ಸಾಫ್ಟ್‌ವೇರ್) ಇರೋ ರೌಟರಲ್ಲಿ ಫೋನು ವೈಫೈಗೆ ಸೇರ್ಕೊಂಡ್ರೂ ಐಪಿ ಅಡ್ರೆಸ್ ಸಿಗ್ದೆ ಸುಮ್ನೆ ಸುತ್ತುತ್ತಾ ಇದ್ರೆ ಸೆಟ್ಟಿಂಗ್ಸ್ ಒಂದೊಂದಾಗಿ ತಿರುಗಿಸ್ತಾ ಕೂರಬೇಡಿ, ಮೊದ್ಲು ನೆಟ್‌ವರ್ಕಲ್ಲಿ ಯಾವ ಪ್ಯಾಕೆಟ್ಟು (ಡೇಟಾ ತುಣುಕು) ಓಡಾಡ್ತಿದೆ ಅಂತ ಕಣ್ಣಾರೆ ನೋಡಿ. ರೌಟರಿಗೆ ಎಸ್ಎಸ್ಎಚ್ ಮಾಡಿ (ಕಂಪ್ಯೂಟರಿಂದ ಕಮಾಂಡ್ ಲೈನಲ್ಲಿ ಲಾಗಿನ್ ಆಗಿ) ಪ್ಯಾಕೆಟ್ ಹಿಡಿದು ತೋರಿಸೋ ಟಿಸಿಪಿಡಂಪ್ ಹಾಕ್ಕೊಳಿ, ಜಾಗ ಕಮ್ಮಿ ಇದ್ರೆ ಟಿಸಿಪಿಡಂಪ್-ಮಿನಿ ಸಾಕು.

ಟಿಸಿಪಿಡಂಪ್ ಕಮಾಂಡಿಗೆ ಹೈಫನ್ ಐ ಕೊಟ್ಟು ಇಂಟರ್‌ಫೇಸ್ ಬಿಆರ್-ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ಅನ್ನಿ, ಹೆಸರು ಹುಡುಕ್ತಾ ನಿಲ್ಲದೆ ಇರಕ್ಕೆ ಹೈಫನ್ ಎನ್, ವಿವರಕ್ಕೆ ಹೈಫನ್ ವಿ, ಕೊನೇಲಿ ಫಿಲ್ಟರ್ ಪೋರ್ಟ್ 67 ಆರ್ ಪೋರ್ಟ್ 68, ಐಪಿ ಹಂಚೋ ಡಿಎಚ್‌ಸಿಪಿ ಓಡಾಡೋದು ಇವೆರಡರಲ್ಲೇ. ಈಗ ಫೋನಲ್ಲಿ ವೈಫೈ ಆಫ್ ಮಾಡಿ ಆನ್ ಮಾಡಿ. ಎಲ್ಲಾ ಸರಿ ಇದ್ರೆ ಡಿಸ್ಕವರ್ (ಫೋನು ಸರ್ವರ್ ಹುಡುಕೋದು), ಆಫರ್ (ಸರ್ವರ್ ಐಪಿ ಕೊಡ್ತೀನಿ ಅನ್ನೋದು), ರಿಕ್ವೆಸ್ಟ್ (ಫೋನು ಅದನ್ನ ಕೇಳೋದು), ಆಕ್ (ಸರ್ವರ್ ಒಪ್ಪೋದು) ಸಾಲಾಗಿ ಬರುತ್ತೆ. ಬರೀ ಡಿಸ್ಕವರ್ ಬಡ್ಕೋತಾ ಇದ್ರೆ ರೌಟರಲ್ಲಿ ಐಪಿ ಹಂಚೋ ಡಿಎನ್ಎಸ್‌ಮಾಸ್ಕ್ ಪ್ರೋಗ್ರಾಮಿನ ಲಾಗ್ ನೋಡಿ. ಎರಡು ಬೇರೆ ಅಡ್ರೆಸ್‌ನಿಂದ ಆಫರ್ ಬಂತಾ, ಇನ್ನೊಂದು ಡಿಎಚ್‌ಸಿಪಿ ಸರ್ವರ್ ಎಲ್ಲೋ ಕೂತಿದೆ. ನಮ್ಮನೇಲಿ ಅದು ನಾನೇ ಸ್ವಿಚ್ ಥರ ಬಳಸಕ್ಕೆ ಅಂತ ಚುಚ್ಚಿ ಮರೆತಿದ್ದ ಹಳೇ ರೌಟರ್ರು, ಒಂದ್ ಸಂಜೆ ಪೂರ್ತಿ ಹೋಯ್ತು.

ಕಂಪ್ಯೂಟರಲ್ಲಿ ಪ್ಯಾಕೆಟ್ ಬಿಡಿಸಿ ತೋರಿಸೋ ವೈರ್‌ಶಾರ್ಕಲ್ಲಿ ನೋಡ್ಬೇಕಂದ್ರೆ ಹೈಫನ್ ಡಬ್ಲ್ಯೂ ಹಾಕಿ ಟಿಎಂಪಿ ಫೋಲ್ಡರಿಗೆ ಬರೆಸಿ, ಆದ್ರೆ ಅದು ರ‍್ಯಾಮ್ ಕಣ್ರೀ, ತುಂಬಿದ್ರೆ ರೌಟರ್ರೇ ಮಲಗುತ್ತೆ, ಹಾಗಾಗಿ ಹೈಫನ್ ಸಿ 500 ಕೊಟ್ಟು 500 ಪ್ಯಾಕೆಟ್ಟಿಗೆ ನಿಲ್ಲಿಸಿ. ಫಿಲ್ಟರ್ ಇಲ್ದೆ ಎಲ್ಲಾ ಹಿಡಿಯೋದಾದ್ರೆ ನಾಟ್ ಪೋರ್ಟ್ 22 ಸೇರಿಸಿ, ಇಲ್ಲಾಂದ್ರೆ ನಿಮ್ಮ ಎಸ್ಎಸ್ಎಚ್ಚೇ ಸ್ಕ್ರೀನ್ ತುಂಬುತ್ತೆ.

ಇಂಟರ್ನೆಟ್ ಟ್ರಾಫಿಕ್ ಅರ್ಧಂಬರ್ಧ ಕಾಣ್ತಿದ್ರೆ ಹಾರ್ಡ್‌ವೇರ್ ಫ್ಲೋ ಆಫ್‌ಲೋಡಿಂಗ್ ಆಫ್ ಮಾಡಿ ಮತ್ತೆ ಹಿಡೀರಿ, ಅದು ಆನ್ ಇದ್ರೆ ಪ್ಯಾಕೆಟ್ಟು ಟಿಸಿಪಿಡಂಪ್ ನೋಡೋ ಕರ್ನಲ್ (ಲಿನಕ್ಸಿನ ತಿರುಳು) ಕಡೆ ಬರದೆ ಚಿಪ್ಪಲ್ಲೇ ದಾಟ್ಕೊಂಡ್ ಹೋಗ್ಬಿಡುತ್ತೆ.