ಕರು ಹಾಕಿದ ಮೊದಲ 3 ವಾರ ಮಧ್ಯಾಹ್ನವೂ ಹಾಲು ಕರೆಯಿರಿ

ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು ಕಟ್ಟಿದವರಿಗೆ ಒಂದು ಮಾತು. ಡೇರಿಗೆ ಎರಡೇ ಹೊತ್ತು ಹಾಲು ಹೋಗುತ್ತದೆಂದು ನಾವೂ ಎರಡೇ ಹೊತ್ತು ಕರೆಯುತ್ತೇವೆ. ಆದರೆ ಕರು ಹಾಕಿದ ಮೊದಲ 21 ದಿನ ಕೆಚ್ಚಲಿಗೆ ಬಹಳ ಮುಖ್ಯ.

ಅಮೆರಿಕದ ವಿಜ್ಞಾನಿಗಳು ಈ 21 ದಿನ ಒಂದೇ ಹಸುವಿನ ಕೆಚ್ಚಲಿನ ಒಂದು ಪಕ್ಕವನ್ನು ದಿನಕ್ಕೆ 2 ಸಲ, ಇನ್ನೊಂದನ್ನು 4 ಸಲ ಕರೆದು ನೋಡಿದರು. ಮೇವು ಒಂದೇ, ರಕ್ತ ಒಂದೇ, ಹಾರ್ಮೋನೂ ಒಂದೇ. ಆದರೂ 4 ಸಲ ಕರೆದ ಪಕ್ಕದಲ್ಲಿ ಹಾಲು ಹೆಚ್ಚಿತು. ಮತ್ತೆ 2 ಸಲಕ್ಕೆ ಇಳಿಸಿದ ಮೇಲೂ ತಿಂಗಳುಗಟ್ಟಲೆ ಹೆಚ್ಚೇ ಉಳಿಯಿತು. ಎರಡು ಪಕ್ಕದ ಜೀವಕೋಶಗಳಲ್ಲಿ ಹಲವು ಜೀನ್‌ಗಳ ಚಟುವಟಿಕೆಯೇ ಬೇರೆಯಾಗಿತ್ತು. ಅಂದರೆ ಜೀನ್ ಬದಲಾಗುವುದಿಲ್ಲ, ಅದು ಕೆಲಸ ಮಾಡುವ ಪ್ರಮಾಣ ಬದಲಾಗುತ್ತದೆ. ಹಾಲು ಕೆಚ್ಚಲಲ್ಲೇ ನಿಂತರೆ ‘ಸಾಕು’ ಎಂಬ ಸಂಕೇತ ಅಲ್ಲಿಯೇ ಹುಟ್ಟುತ್ತದೆ.

ನಮಗೆ 4 ಸಲ ಕಷ್ಟ. ಮಧ್ಯಾಹ್ನ ಒಂದು ಸಲ ಸೇರಿಸಿದರೂ ಹೆಚ್ಚು ಹಾಲಿನ ಹಸುವಿಗೆ ಲಾಭವಿದೆ. ಆ ಹಾಲು ಕರುವಿಗೆ, ಮನೆಗೆ ಆಗುತ್ತದೆ. ಆದರೆ ಹಸಿಮೇವು, ಹಿಂಡಿ, ಖನಿಜ ಮಿಶ್ರಣ, ನೀರು ಹೆಚ್ಚಿಸದೆ ಈ ಕೆಲಸಕ್ಕೆ ಕೈಹಾಕಬೇಡಿ, ಹಸು ಸೊರಗಿಬಿಡುತ್ತದೆ. ಹಾಲುಜ್ವರ (ಕರು ಹಾಕಿದ ಹೊತ್ತಿಗೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ಬರುವ ಕಾಯಿಲೆ) ಬಂದಿದ್ದ ಹಸುವಾದರೆ ಮೊದಲು ಪಶುವೈದ್ಯರನ್ನು ಕೇಳಿ.